ಇಪ್ಪತ್ತನೇ ನಂಬರ್ ರಸ್ತೆ, ಊರೂರಿನ ಕರೆಂಟು

ಅಮೆರಿಕದ ಎಷ್ಟೋ ಕ್ಯಾಂಪ್‌ಗ್ರೌಂಡುಗಳಲ್ಲಿ ಜಾಗಕ್ಕೊಂದರಂತೆ ಸೊಂಟದೆತ್ತರದ ಒಂದು ಕಂಬ ನೆಟ್ಟಿರುತ್ತಾರೆ. ಅದರಲ್ಲೊಂದು ತಗಡಿನ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಮೂರು ಸಾಕೆಟ್‌ಗಳು: 20, 30 ಮತ್ತು 50 ಆಂಪಿಯರಿನವು. ಇವನ್ನು ಎಲೆಕ್ಟ್ರಿಕ್ ಕಾರಿಗೆಂದು ಇಟ್ಟಿದ್ದಲ್ಲ. ಮನೆಯನ್ನೇ ಚಕ್ರದ ಮೇಲೆ ಹೇರಿಕೊಂಡು ತಿರುಗುವ ಆರ್‌ವಿಗಳ ಏಸಿ, ಫ್ರಿಜ್, ಟೀವಿ ನಡೆಯಲಿ ಅಂತ ಎಂದೋ ಹಾಕಿದ್ದು. ಆದರೆ ಆ ಐವತ್ತರ ಸಾಕೆಟ್ಟಿಗೆ ಕಾರಿನ ಕೇಬಲ್ ಸಿಕ್ಕಿಸಿ ಮಲಗಿದರೆ, ಎದ್ದು ಹಲ್ಲುಜ್ಜುವಷ್ಟರಲ್ಲಿ ಬ್ಯಾಟರಿ ಹೆಚ್ಚುಕಡಿಮೆ ತುಂಬಿರುತ್ತದೆ. ಎಲೆಕ್ಟ್ರಿಕ್ ಕಾರೆಂದರೆ ಚಾರ್ಜಿಂಗಿಗೆ ಕಾದು ಕೂರಬೇಕು ಎಂಬುದು ಎಲ್ಲರ ದೂರು. ನಿದ್ದೆ ಮಾಡುವವರು ಯಾವುದಕ್ಕೂ ಕಾಯುತ್ತಿರುವುದಿಲ್ಲ.

ಶಿವಮೊಗ್ಗದಿಂದ ಅಕ್ಕ–ಭಾವ ಬಂದಿದ್ದ ಬೇಸಿಗೆಯಲ್ಲಿ ಬಾಸ್ಟನ್‌ನಿಂದ ಪೆಸಿಫಿಕ್ ತೀರದವರೆಗೆ ಕಾರಿನಲ್ಲೇ ಹೋಗೋಣ ಎಂದು ಹೊರಟದ್ದು ಈ ಪೆಟ್ಟಿಗೆಗಳನ್ನು ನಂಬಿಕೊಂಡೇ. ಭಾವ ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಮೊದಲ ರಾತ್ರಿ ಲೆಕ್ಕ ಹಾಕಿದರು: "240 ವೋಲ್ಟು, 32 ಆಂಪಿಯರ್. ಗಂಟೆಗೆ ಏಳೂವರೆ ಯೂನಿಟ್ ಮೇಲಾಯ್ತು. ಎಂಟು ಗಂಟೆ ಮಲಗಿದರೆ ಅರವತ್ತು ಯೂನಿಟ್. ನಮ್ಮ ಮನೇದು ತಿಂಗಳಿಗೇ ಅಷ್ಟು, ಮಾರಾಯ! ಗೃಹಜ್ಯೋತಿಯ ಇನ್ನೂರು ಯೂನಿಟ್ಟಿನಲ್ಲಿ ನಿನ್ನ ಕಾರು ಮೂರು ಸಲವೂ ತುಂಬಲ್ಲ." ಐವತ್ತರ ಸಾಕೆಟ್ಟಿದ್ದರೂ ಒಂದೇ ಸಮನೆ ಗಂಟೆಗಟ್ಟಲೆ ಎಳೆಯುವಾಗ ನಲವತ್ತನ್ನು ದಾಟಬಾರದು ಎಂಬುದು ಇಲ್ಲಿನ ನಿಯಮ. ಭಾವನಿಗೆ ಅದೂ ಸಾಲದು. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಗೆ ಪ್ಲಗ್ಗಿನ ಮೇಲೆ ಕೈಯಿಟ್ಟು ಬಿಸಿಯಾಗಿದೆಯೇ ಎಂದು ನೋಡಿದ ಮೇಲೆಯೇ ಅವರು ಡೇರೆಯೊಳಗೆ ಹೋಗುತ್ತಿದ್ದರು.

ಅಂದಹಾಗೆ ಎಲ್ಲ ಕ್ಯಾಂಪ್‌ಗ್ರೌಂಡಿನವರೂ ಇದಕ್ಕೆ ಒಪ್ಪುವುದಿಲ್ಲ. ಕೆಲವರು ಹೆಚ್ಚುವರಿ ದುಡ್ಡು ಕೇಳುತ್ತಾರೆ, ಕೆಲವರು ಹಳೇ ವೈರಿಂಗು, ಬೇಡ ಎನ್ನುತ್ತಾರೆ. ಫೋನ್ ಮಾಡಿ ಕೇಳಿಕೊಂಡು ಹೋಗುವುದು ಮರ್ಯಾದೆ. ಒಪ್ಪಿದ ಕಡೆ ಕರೆಂಟಿನ ದುಡ್ಡು ಸಾಮಾನ್ಯವಾಗಿ ಜಾಗದ ಬಾಡಿಗೆಯಲ್ಲೇ ಸೇರಿರುತ್ತದೆ.

ಕಾರು ಹ್ಯುಂಡೈ ಅಯಾನಿಕ್ 5. ನಮ್ಮೂರಲ್ಲೂ ಸಿಗುತ್ತದೆ. ಬ್ಯಾಟರಿ 77.4 ಯೂನಿಟ್ಟಿನದು. ಹಿಂದಿನ ಸೀಟು ಮಡಚಿದರೆ ಕುಳ್ಳಗಿರುವ ಇಬ್ಬರು ಮಲಗಬಹುದು. ನಾನೂ ನನ್ನ ಹೆಂಡತಿಯೂ ಆ ಲೆಕ್ಕಕ್ಕೆ ಸೇರುತ್ತೇವೆ. ಇದರ ಇನ್ನೊಂದು ಸೌಕರ್ಯವೆಂದರೆ ಬ್ಯಾಟರಿಯಿಂದ ಹೊರಕ್ಕೂ ಕರೆಂಟ್ ತೆಗೆಯಬಹುದು. ಚಾರ್ಜಿಂಗ್ ಬಾಯಿಗೆ ಒಂದು ಅಡಾಪ್ಟರ್ ಹಾಕಿದರೆ ಮಾಮೂಲಿ ಸಾಕೆಟ್ ಸಿಗುತ್ತದೆ, ಅದಕ್ಕೆ ಇಂಡಕ್ಷನ್ ಒಲೆ. ಅಕ್ಕ ಉಪ್ಪಿಟ್ಟು, ಚಿತ್ರಾನ್ನ, ತಿಳಿಸಾರು ಎಲ್ಲ ಮಾಡಿದ್ದು ಇದರ ಮೇಲೆಯೇ. ನಾಲ್ಕು ಜನರ ಅಡುಗೆಗೆ ಒಂದು ಯೂನಿಟ್ ಕೂಡ ಖರ್ಚಾಗುವುದಿಲ್ಲ. ಅಂದರೆ ಐದಾರು ಕಿಲೋಮೀಟರ್ ಓಡಾಟದಷ್ಟು.

ರಸ್ತೆಯ ಆಯ್ಕೆ ಮಾತ್ರ ನನ್ನದು. ದೇಶ ದಾಟಲು ಇಂಟರ್‌ಸ್ಟೇಟ್ ಹೆದ್ದಾರಿಗಳಿವೆ, ಅಲ್ಲಿ ಫಾಸ್ಟ್ ಚಾರ್ಜರುಗಳೂ ಇವೆ. 2014ರಲ್ಲಿ ಟೆಸ್ಲಾದವರೇ ಎರಡು ಕಾರುಗಳನ್ನು ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿಗೆ ಹಗಲೂ ರಾತ್ರಿ ಓಡಿಸಿ 76 ಗಂಟೆಯಲ್ಲಿ ಮುಟ್ಟಿಸಿದ್ದರು. ನಾವು ಹಿಡಿದದ್ದು ಯು.ಎಸ್. 20 ಎಂಬ ಹಳೇ ರಸ್ತೆ. ಬಾಸ್ಟನ್ನಿನ ಕೆನ್‌ಮೋರ್ ಚೌಕದಲ್ಲಿ ಶುರುವಾಗಿ ಆರೆಗನ್ ರಾಜ್ಯದ ನ್ಯೂಪೋರ್ಟಿನಲ್ಲಿ ಮುಗಿಯುತ್ತದೆ. 3,365 ಮೈಲಿ, ಅಂದರೆ ಐದು ಸಾವಿರದ ನಾನೂರು ಕಿಲೋಮೀಟರ್ ಮೇಲೆ. ದೇಶದಲ್ಲೇ ಅತಿ ಉದ್ದದ ರಸ್ತೆ. ಊರುಗಳನ್ನು ಬಳಸಿ ಹೋಗದೆ ಒಳಗೇ ನುಗ್ಗಿ ಹೋಗುವುದರಿಂದ ವೇಗ ತಾನಾಗಿ ಇಳಿಯುತ್ತದೆ. ಎಲೆಕ್ಟ್ರಿಕ್ ಕಾರಿಗೆ ಅದೇ ಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪಶ್ಚಿಮದ ಇಂಟರ್‌ಸ್ಟೇಟುಗಳಲ್ಲಿ 80 ಮೈಲಿ ವೇಗಕ್ಕೆ ಅನುಮತಿಯಿದೆಯೆಂದು ಹಾಗೆಯೇ ಓಡಿಸಿದರೆ ಬ್ಯಾಟರಿ ಕಣ್ಣೆದುರೇ ಕರಗುತ್ತದೆ. 55ರಲ್ಲಿ ಹೋಗುವವನಿಗೆ ಅದೇ ಬ್ಯಾಟರಿ ನಾನೂರು ಕಿಲೋಮೀಟರಿಗೂ ಹೆಚ್ಚು ಬಂದೀತು.

ಕೆನ್‌ಮೋರ್ ಚೌಕದ ಎದುರು ದಂಡೆಯಲ್ಲಿ, ಚಾರ್ಲ್ಸ್ ನದಿಯ ಆಚೆ, ಎಂಐಟಿ ಇದೆ. 1968ರ ಆಗಸ್ಟ್ 26ರಂದು ಅಲ್ಲಿನ ವಿದ್ಯಾರ್ಥಿಗಳು ಎಲೆಕ್ಟ್ರಿಕ್ ಮಾಡಿಕೊಂಡ ಒಂದು ಷೆವರ್ಲೆ ಕೋರ್ವೇರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾಗೆ ಹೊರಟರು. ಅದೇ ದಿನ ಅಲ್ಲಿಂದ ಕ್ಯಾಲ್‌ಟೆಕ್‌ನವರು ಒಂದು ಹಳೇ ಫೋಕ್ಸ್‌ವ್ಯಾಗನ್ ವ್ಯಾನಿನಲ್ಲಿ ಪಂದ್ಯ ಕಟ್ಟಿ ಇತ್ತ ಹೊರಟರು. ದಾರಿಯುದ್ದಕ್ಕೂ 54 ಕಡೆ ಚಾರ್ಜಿಂಗಿಗೆ ಏರ್ಪಾಟು. ಎಂಐಟಿಯವರು ಬ್ಯಾಟರಿ ಕಾದು ಕೆಂಡವಾಗದಂತೆ ಮಂಜುಗಡ್ಡೆ ಸುರಿಯುತ್ತಿದ್ದರು. ಗುರಿ ಮೊದಲು ಮುಟ್ಟಿದ್ದು ಅವರೇ, ಆದರೆ ಕಾರನ್ನು ಎಳೆಸಿಕೊಂಡು ಹೋದದ್ದಕ್ಕೆ ದಂಡದ ಸಮಯ ಸೇರಿಸಿದಾಗ ಕ್ಯಾಲ್‌ಟೆಕ್ ಅರ್ಧ ಗಂಟೆಯಲ್ಲಿ ಗೆದ್ದಿತು. ಭಾವನಿಗೆ ಮಂಜುಗಡ್ಡೆಯ ಸಂಗತಿ ಬಹಳ ಹಿಡಿಸಿತು. ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಮೇಲೆ ನೀರು ಸುರಿಸಿದ ಕಥೆಗಳು ಅವರಲ್ಲಿ ಬೇಕಾದಷ್ಟಿದ್ದವು.

ನ್ಯೂಯಾರ್ಕ್ ರಾಜ್ಯದಲ್ಲಿ ರಸ್ತೆ ಆಲ್ಬನಿ ದಾಟಿದ ಮೇಲೆ ಸ್ವಲ್ಪ ಉತ್ತರಕ್ಕೆ ತಿರುಗಿದರೆ ಸ್ಕೆನೆಕ್ಟಡಿ. ಯಾವ ಪ್ರವಾಸಿಯೂ ಹಟ ಹಿಡಿದು ಹೋಗುವ ಊರಲ್ಲ. ಭಾವ ಹಟ ಹಿಡಿದರು. ಜನರಲ್ ಎಲೆಕ್ಟ್ರಿಕ್ ಕಂಪನಿ ಬೆಳೆದದ್ದು ಇಲ್ಲಿ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಗಣಿಗೆ ಕರೆಂಟ್ ಹರಿಯಿತಲ್ಲ, ಅದರ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಈ ಕಂಪನಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಹಿಡಿದು ಮಾಡಿಸಿದ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆನಡಾದಲ್ಲಿ ಹುಟ್ಟಿದವನು. "ಕೋಲಾರದವರಿಗೆ ಕರೆಂಟು ಬಂದಾಗ ಬೆಂಗಳೂರಿಗೇ ಇರಲಿಲ್ಲ" ಎಂದರು ಭಾವ. ನಿಜ, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ.

ಆದರೆ ಸ್ಕೆನೆಕ್ಟಡಿಯಲ್ಲಿ ನನಗೆ ಸಿಕ್ಕವನು ಬೇರೆ. ಚಾರ್ಲ್ಸ್ ಸ್ಟೈನ್‌ಮೆಟ್ಸ್. 1865ರಲ್ಲಿ ಬ್ರೆಸ್ಲಾವಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಗೂನುಬೆನ್ನಿನ, ನಾಲ್ಕಡಿ ಎತ್ತರದ ಈ ಗಣಿತಜ್ಞ ಇಲ್ಲದಿದ್ದರೆ ಎ.ಸಿ. ಕರೆಂಟಿನ ಲೆಕ್ಕಾಚಾರ ಇಂದಿನಷ್ಟು ಸಲೀಸಾಗಿರುತ್ತಿರಲಿಲ್ಲ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರಿಗೆ ಅವನ ಹೆಸರು ನೆನಪಿದ್ದೀತು. ಅವನಿಗೆ ಎರಡು ಹುಚ್ಚು: ಒಂದು ಎಲೆಕ್ಟ್ರಿಕ್ ಕಾರು, ಇನ್ನೊಂದು ಕ್ಯಾಂಪು. ಅವನ 1914ರ ಡೆಟ್ರಾಯ್ಟ್ ಎಲೆಕ್ಟ್ರಿಕ್ ಕಾರನ್ನು ಅವನು ಪಾಠ ಹೇಳುತ್ತಿದ್ದ ಯೂನಿಯನ್ ಕಾಲೇಜಿನವರು ದುರಸ್ತಿ ಮಾಡಿಸಿ ಇಟ್ಟುಕೊಂಡಿದ್ದಾರೆ. ನಿಂತರೆ ಗಾಜಿನ ಗೂಡಿನಂತೆ ಕಾಣುವ ಕಾರು. ಸ್ಟೀರಿಂಗ್ ಚಕ್ರವಿಲ್ಲ, ದೋಣಿಗಿರುವಂಥ ಹಿಡಿಕೋಲು. ರಜೆ ಬಂತೆಂದರೆ ಮೊಹಾಕ್ ನದಿಯ ಹತ್ತಿರದ ತನ್ನ ಮರದ ಕ್ಯಾಬಿನ್ನಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಪುಟ್ಟ ದೋಣಿಯ ಮೇಲೆ ಅಡ್ಡ ಹಲಗೆ ಹಾಕಿ, ಅದನ್ನೇ ಮೇಜು ಮಾಡಿಕೊಂಡು, ನೀರಿನ ಮೇಲೆ ತೇಲುತ್ತ ಲೆಕ್ಕ ಮಾಡುತ್ತಿದ್ದ. 1920ರಲ್ಲಿ ಆ ಕ್ಯಾಂಪಿಗೆ ಸಿಡಿಲು ಬಡಿದು ಕನ್ನಡಿ ಪುಡಿಯಾಯಿತು. ಬೇರೆ ಯಾರಾದರೂ ದೇವರಿಗೆ ಹರಕೆ ಹೊರುತ್ತಿದ್ದರು. ಇವನು ಚೂರುಗಳನ್ನೆಲ್ಲ ಹೆಕ್ಕಿ ಜೋಡಿಸಿ ಸಿಡಿಲು ಹಾದ ದಾರಿಯನ್ನು ಓದಿದ. ಮುಂದೆ ಪ್ರಯೋಗಾಲಯದಲ್ಲಿ ಕೃತಕ ಸಿಡಿಲನ್ನೇ ಸೃಷ್ಟಿಸಿದ. ಅವನು ಸತ್ತ ಮೇಲೆ ಆ ಕ್ಯಾಬಿನ್ನನ್ನು ಕೊಂಡು ಮಿಷಿಗನ್ನಿನ ತನ್ನ ಮ್ಯೂಸಿಯಮ್ಮಿಗೆ ಸಾಗಿಸಿದವನು ಹೆನ್ರಿ ಫೋರ್ಡ್.

ಫೋರ್ಡನ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಪೆಟ್ರೋಲ್ ಕಾರನ್ನು ಮನೆಮನೆಗೆ ಮುಟ್ಟಿಸಿದ ಈ ಮನುಷ್ಯನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಅದೇ ಡೆಟ್ರಾಯ್ಟ್ ಎಲೆಕ್ಟ್ರಿಕ್. ಫೋರ್ಡ್, ಎಡಿಸನ್, ಟಯರ್ ಕಂಪನಿಯ ಫೈರ್‌ಸ್ಟೋನ್ ಮತ್ತು ಲೇಖಕ ಜಾನ್ ಬರೋಸ್ ಸೇರಿಕೊಂಡು ವರ್ಷ ವರ್ಷ ಕಾರುಗಳಲ್ಲಿ ಕ್ಯಾಂಪಿಂಗ್ ಹೋಗುತ್ತಿದ್ದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಬಂದು ಸೇರಿಕೊಂಡ. ಅಡುಗೆಯವರು, ಆಳುಕಾಳುಗಳು ಎಲ್ಲ ಇದ್ದ ಕ್ಯಾಂಪದು, ನಮ್ಮ ಉಪ್ಪಿಟ್ಟಿನ ಕ್ಯಾಂಪಲ್ಲ. ಡೇರೆಗಳಿಗೆ ದೀಪ ಮಾತ್ರ ಎಡಿಸನ್ನನ ಬ್ಯಾಟರಿಯಿಂದ. ಎಲೆಕ್ಟ್ರಿಕ್ ಕಾರಿಗೆಂದೇ ಆತ ವರ್ಷಗಟ್ಟಲೆ ತಿಣುಕಿ ಮಾಡಿದ ನಿಕಲ್–ಕಬ್ಬಿಣದ ಬ್ಯಾಟರಿ ಸಿದ್ಧವಾಗುವ ಹೊತ್ತಿಗೆ ಫೋರ್ಡನ ಮಾಡೆಲ್ ಟಿ ಬೀದಿಗಿಳಿದಾಗಿತ್ತು.

ಒಹಾಯೊ, ಇಂಡಿಯಾನಾಗಳನ್ನು ಬೇಗ ದಾಟಿದೆವು. ಷಿಕಾಗೋದಲ್ಲಿ ಪರಿಚಿತರ ಮನೆ, ಬಿಸಿಬೇಳೆ ಬಾತು. ಮಿಸಿಸಿಪ್ಪಿ ದಾಟಿದರೆ ಐಯೋವಾ. ಜೋಳದ ಹೊಲಗಳ ಮೇಲೆ ಗಾಳಿಯಂತ್ರಗಳು, ಎಣಿಸುವುದನ್ನು ಅಕ್ಕ ಅರ್ಧಕ್ಕೇ ಬಿಟ್ಟರು. ಈ ರಾಜ್ಯದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದು. ಇವತ್ತು ನಾವು ಓಡುತ್ತಿರುವುದು ಗಾಳಿಯಲ್ಲಿ ಎಂದೆ. "ಗ್ರಿಡ್ಡಿಗೆ ಬಿದ್ದ ಮೇಲೆ ಇದು ಗಾಳೀದು ಇದು ನೀರಿಂದು ಅಂತ ಹಣೆ ಮೇಲೆ ಬರೆದಿರಲ್ಲ" ಎಂದು ಭಾವ ತಿದ್ದಿದರು. ಸರಿಯೇ. ಆದರೂ ಪೆಟ್ರೋಲ್ ಬಂಕಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಬಾಸ್ಟನ್ನಿನ ಪೆಟ್ರೋಲಿಗೂ ಐಯೋವಾದ ಪೆಟ್ರೋಲಿಗೂ ಬೆಲೆಯೊಂದು ಬಿಟ್ಟರೆ ಬೇರೇನೂ ವ್ಯತ್ಯಾಸ ಕಾಣದು. ಕರೆಂಟು ಹಾಗಲ್ಲ, ಹತ್ತಿರದ ನದಿ, ಹತ್ತಿರದ ಗುಡ್ಡ, ಹತ್ತಿರದ ಗಣಿಗೆ ಅದರ ಬೇರು ಇರುತ್ತದೆ. ಆ ಬೇರನ್ನು ಹುಡುಕುವ ಚಟ ನನಗೆ ಹತ್ತಿದ್ದು ಇಲ್ಲಿಯೇ.

ಇದೇ ಐಯೋವಾದ ಕೆಸರಿನಲ್ಲಿ 1908ರಲ್ಲಿ ಒಬ್ಬ ಎಲೆಕ್ಟ್ರಿಕ್ ಕಾರು ಓಡಿಸಿಕೊಂಡು ಹೋಗಿದ್ದ. ಡೆನ್ವರಿನ ಆಲಿವರ್ ಫ್ರಿಚ್ಲ್. ತಾನೇ ತಯಾರಿಸಿದ ಕಾರು ಒಂದು ಚಾರ್ಜಿಗೆ ನೂರು ಮೈಲಿ ಹೋಗುತ್ತದೆ ಎಂದು ತೋರಿಸಲು ನೆಬ್ರಾಸ್ಕಾದ ಲಿಂಕನ್ನಿನಿಂದ ನ್ಯೂಯಾರ್ಕಿಗೆ ಸುಮಾರು 1,800 ಮೈಲಿಯನ್ನು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಮುಗಿಸಿದ. ರಾತ್ರಿ ತಂಗಲು ಊರು ಆರಿಸುವಾಗ ಅವನು ನೋಡಬೇಕಾದದ್ದು ಅಲ್ಲಿ ಕರೆಂಟಿದೆಯೇ ಎಂಬುದನ್ನು.

ನೆಬ್ರಾಸ್ಕಾದಲ್ಲಿ ನಾವೂ ಅದನ್ನೇ ನೋಡಿದೆವು. ಯು.ಎಸ್. 20 ಇಲ್ಲಿ ಸ್ಯಾಂಡ್‌ಹಿಲ್ಸ್ ಎಂಬ ಮರಳುಗುಡ್ಡಗಳ ಉತ್ತರದ ಅಂಚು ಹಿಡಿದು ಹೋಗುತ್ತದೆ. ಸುಮಾರು 50,000 ಚದರ ಕಿಲೋಮೀಟರ್ ಮರಳು, ಮೇಲೆ ಹುಲ್ಲು ಹೊದ್ದಿದೆ. ಜನಕ್ಕಿಂತ ದನ ಹೆಚ್ಚು. ಫಾಸ್ಟ್ ಚಾರ್ಜರುಗಳು ಇಲ್ಲಿ ವಿರಳ, ಕ್ಯಾಂಪಿನ ಕಂಬಗಳು ಧಾರಾಳ. ಸಣ್ಣ ಊರಿನ ಪಾರ್ಕುಗಳಲ್ಲೂ ನಾಲ್ಕಾರು ಜಾಗ ಮಾಡಿ ಕರೆಂಟ್ ಕೊಟ್ಟಿರುತ್ತಾರೆ. ಕೆಲವು ಕಡೆ ಬಾಡಿಗೆಯೂ ಇಲ್ಲ. ಒಂದು ಡಬ್ಬಿ ಇಟ್ಟಿರುತ್ತಾರೆ, ಮನಸ್ಸಿಗೆ ಬಂದಷ್ಟು ಹಾಕಿ ಎಂದು. ಅಕ್ಕ ಅದನ್ನು ಹುಂಡಿ ಎಂದೇ ಕರೆದು ಕೈ ಮುಗಿದು ಹಾಕಿದರು.

ಇಂಥ ಒಂದು ಪಾರ್ಕಿನಲ್ಲಿ ಸಂಜೆ ಪಿಕಪ್ ಟ್ರಕ್ಕಿನಲ್ಲಿ ಒಬ್ಬರು ಬಂದರು. ವಯಸ್ಸಾದವರು, ಪಾರ್ಕಿನ ಮೇಲ್ವಿಚಾರಣೆ ಅವರದು. ಕಾರನ್ನು ಸುತ್ತುಹಾಕಿ ನೋಡಿದರು. ಅಷ್ಟರಲ್ಲಿ ಭಾವ ವೋಲ್ಟೇಜ್ ಇಳಿಯುತ್ತಿದೆ ಎಂದು ಕಾರಿನ ಪರದೆಯಲ್ಲಿ ಆಂಪಿಯರ್ ತಗ್ಗಿಸುತ್ತಿದ್ದರು. ಮಾತಿಗೆ ಮಾತು ಬೆಳೆದು ಗೊತ್ತಾಯಿತು, ಆತ ಆಯುಷ್ಯವಿಡೀ ಲೈನ್‌ಮನ್ ಆಗಿದ್ದವರು. ಇನ್ನೇನು ಬೇಕು! ನಮ್ಮಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ, ಅವರಲ್ಲಿ ಚಳಿಗಾಲದಲ್ಲಿ ತಂತಿಗೆ ಐಸ್ ಕಟ್ಟಿ ಕಂಬಗಳೇ ಸಾಲಾಗಿ ಮಲಗುತ್ತವೆ. ಇಬ್ಬರಿಗೂ ಮನೆಯವರು ಹಬ್ಬದ ದಿನ ಊಟಕ್ಕೆ ಕಾದದ್ದೇ ಕಾದದ್ದು. ನಾನು ಅನುವಾದಕನಾಗಿ ನಿಂತಿದ್ದೆ, ಆಮೇಲಾಮೇಲೆ ನನ್ನ ಅಗತ್ಯವೇ ಬೀಳಲಿಲ್ಲ. ಇಡೀ ರಾಜ್ಯದ ವಿದ್ಯುತ್ ಸರಬರಾಜು ಸಾರ್ವಜನಿಕ ಸಂಸ್ಥೆಗಳ ಕೈಯಲ್ಲೇ ಇರುವುದು ಅಮೆರಿಕದಲ್ಲಿ ನೆಬ್ರಾಸ್ಕಾ ಒಂದರಲ್ಲೇ. ಹಳ್ಳಿಗಳಿಗೆ ಕರೆಂಟ್ ಒಯ್ಯುವ 1936ರ ಕಾನೂನಿಗೆ ದುಡಿದ ಸೆನೆಟರ್ ಜಾರ್ಜ್ ನಾರಿಸ್ ಇಲ್ಲಿಯವನು. "ಹಾಗಾದ್ರೆ ಇದೂ ನಮ್ಮ ಬೋರ್ಡಿನ ಹಾಗೇ" ಎಂದ ಭಾವ ಆ ರಾತ್ರಿ ಬಹಳ ಗೆಲುವಾಗಿದ್ದರು.

ವಯೋಮಿಂಗ್ ಎದುರುಗಾಳಿಯಿಂದಲೇ ಸ್ವಾಗತಿಸಿತು. ನಾನೂರು ಹೋಗಬೇಕಾದ ಬ್ಯಾಟರಿ ಮುನ್ನೂರಕ್ಕೂ ಬಾರದು ಎಂದು ಪರದೆ ತೋರಿಸತೊಡಗಿತು. ಮುಂದಿನ ಊರಿನಲ್ಲಿದ್ದ ಒಂದೇ ಒಂದು ಫಾಸ್ಟ್ ಚಾರ್ಜರ್ ಕೆಟ್ಟು ನಿಂತಿತ್ತು. ಏಸಿ ಆರಿಸಿ, ಟ್ರಕ್ಕುಗಳಿಗೆ ದಾರಿ ಬಿಟ್ಟುಕೊಡುತ್ತ, ಹತ್ತಿರದ ಆರ್‌ವಿ ಪಾರ್ಕ್ ಮುಟ್ಟಿದೆವು. ದೇಶದಲ್ಲೇ ಅತಿ ಹೆಚ್ಚು ಕಲ್ಲಿದ್ದಲು ತೆಗೆಯುವ ರಾಜ್ಯ ಇದು. ಗ್ಲೆನ್‌ರಾಕ್ ಎಂಬ ಊರಿನ ಬಳಿ ಡೇವ್ ಜಾನ್‌ಸ್ಟನ್ ಉಷ್ಣ ಸ್ಥಾವರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಅದಕ್ಕೆ ಕಲ್ಲಿದ್ದಲು ಒದಗಿಸಿ ಬರಿದಾದ ಗಣಿಯ ನೆಲವನ್ನು ಮುಚ್ಚಿ, ಅದರ ಮೇಲೆಯೇ ಈಗ ಗಾಳಿಯಂತ್ರ ನೆಟ್ಟಿದ್ದಾರೆ. ನಮ್ಮ ಬ್ಯಾಟರಿ ತಿಂದ ಗಾಳಿಗೆ ಅಲ್ಲಿ ಉದ್ಯೋಗ ಸಿಕ್ಕಿದೆ.

ಥರ್ಮಾಪೊಲಿಸ್‌ಗೆ ಹೋಗುವ ವಿಂಡ್ ರಿವರ್ ಕಣಿವೆಯಲ್ಲಿ ರಸ್ತೆ ಪಕ್ಕದ ಫಲಕಗಳು ಬಂಡೆಯ ಹೆಸರು, ಕಾಲ ಹೇಳುತ್ತ ಹೋಗುತ್ತವೆ. ಮೆಲ್ಲಗೆ ಹೋಗದಿದ್ದರೆ ಕೆಲವು ಕೋಟಿ ವರ್ಷ ತಪ್ಪಿಹೋಗುತ್ತದೆ. ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಸ್ನಾನ ಇಪ್ಪತ್ತು ನಿಮಿಷ ಉಚಿತ. 1896ರಲ್ಲಿ ಈ ಬುಗ್ಗೆಗಳ ಜಾಗ ಶೋಷೋನಿ ಮತ್ತು ಅರಾಪಾಹೊ ಜನರಿಂದ ಕೈಬದಲಾದಾಗ ಆದ ಒಪ್ಪಂದದಿಂದ ಉಳಿದು ಬಂದ ಪದ್ಧತಿ ಅದು.

ಯೆಲ್ಲೊಸ್ಟೋನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಅಡುಗೆಮನೆಯ ವಿಷಯ ಮಾತ್ರ ಹೇಳುತ್ತೇನೆ. ಇದು ಗ್ರಿಜ್ಲಿ ಕರಡಿಗಳ ರಾಜ್ಯ. ಆಹಾರ, ಪಾತ್ರೆ, ಟೂತ್‌ಪೇಸ್ಟ್ ಸಮೇತ ವಾಸನೆ ಇರುವ ಯಾವುದನ್ನೂ ಡೇರೆಯಲ್ಲಿ ಇಡುವಂತಿಲ್ಲ; ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಬೇಕು. ಅಡುಗೆ ಮಾಡಿದ ಬಟ್ಟೆಯಲ್ಲೇ ಮಲಗಬೇಡಿ ಎಂಬ ಸಲಹೆಯೂ ಉಂಟು. ಇಂಗಿನ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದ ಅಕ್ಕ, "ಒಗ್ಗರಣೆಯ ಘಮಕ್ಕೆ ಬಂದ ಕರಡಿಗೆ ಒಂದು ತಟ್ಟೆ ಹಾಕಿದರಾಯ್ತು" ಎಂದರೂ ಆ ಮೂರು ಹೊತ್ತೂ ಒಗ್ಗರಣೆ ಹಾಕಲಿಲ್ಲ. ಉದ್ಯಾನದೊಳಗೆ ವೇಗದ ಮಿತಿ 45 ಮೈಲಿ. ಕಾಡೆಮ್ಮೆಗಳು ರಸ್ತೆಗೆ ಅಡ್ಡ ನಿಂತರೆ ಅದೂ ಇಲ್ಲ. ಪೆಟ್ರೋಲ್ ಕಾರುಗಳು ಗುರುಗುಟ್ಟುತ್ತ ಸಾಲುಗಟ್ಟಿದ್ದಾಗ ನಮ್ಮದು ಸುಮ್ಮನೆ ನಿಂತಿರುತ್ತಿತ್ತು. ಸಿಲ್ವನ್ ಕಣಿವೆದಾರಿಯ ಇಳಿಜಾರಿನಲ್ಲಂತೂ ಬ್ರೇಕಿನ ಶಕ್ತಿ ಕರೆಂಟಾಗಿ ಮರಳಿ, ಬ್ಯಾಟರಿಯ ಅಂಕಿ ಮೇಲೇರಿತು. ಭಾವ ಅದನ್ನು ತಮ್ಮ ಲೆಕ್ಕದ ನೋಟ್‌ಬುಕ್ಕಿನ ಜಮೆ ಕಾಲಮ್ಮಿನಲ್ಲಿ ಬರೆದುಕೊಂಡರು.

ಐಡಹೊದಲ್ಲಿ, ಐಡಹೊ ಫಾಲ್ಸ್ ದಾಟಿದ ಮೇಲೆ ಬಟಾಬಯಲು. ಅದರ ನಡುವೆ ಒಂದು ಸಾದಾ ಇಟ್ಟಿಗೆ ಕಟ್ಟಡ. ಇಬಿಆರ್–1 ಎಂದು ಹೆಸರು. 1951ರ ಡಿಸೆಂಬರ್ 20ರಂದು ಇಲ್ಲಿ ನಾಲ್ಕು ಬಲ್ಬುಗಳು ಹತ್ತಿದವು, ಪರಮಾಣು ಶಕ್ತಿಯಿಂದ ತಯಾರಾದ ಕರೆಂಟಿನಿಂದ. ಬೇಸಿಗೆಯಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು, ಟಿಕೆಟ್ಟಿಲ್ಲ. ರಿಯಾಕ್ಟರಿನ ನಿಯಂತ್ರಣ ಕೊಠಡಿಯ ಸ್ವಿಚ್ಚುಗಳ ಮುಂದೆ ಭಾವ ನಿಂತೇ ಇದ್ದರು. ಸ್ವಲ್ಪ ಮುಂದಿನ ಆರ್ಕೊ ಎಂಬ ಪುಟ್ಟ ಊರಿಗೆ 1955ರ ಜುಲೈ 17ರಂದು ಇನ್ನೊಂದು ರಿಯಾಕ್ಟರಿನಿಂದ ಸ್ವಲ್ಪ ಹೊತ್ತು ಕರೆಂಟ್ ಕೊಟ್ಟಿದ್ದರು. ಪರಮಾಣು ಶಕ್ತಿಯಿಂದ ಬೆಳಗಿದ ಜಗತ್ತಿನ ಮೊದಲ ಊರು ಎಂದು ಅವರ ಸಿಟಿ ಹಾಲ್ ಮೇಲೆ ಬರೆದುಕೊಂಡಿದ್ದಾರೆ. ಇನ್ನೊಂದು ಬದಿಯೂ ಇದೆ. ಅದೇ 1955ರಲ್ಲಿ ಇಬಿಆರ್–1ರ ಇಂಧನ ಭಾಗಶಃ ಕರಗಿತು. 1961ರ ಜನವರಿಯಲ್ಲಿ ಇದೇ ಬಯಲಿನ ಎಸ್ಎಲ್–1 ರಿಯಾಕ್ಟರ್ ಸ್ಫೋಟಿಸಿ ಮೂವರು ಸತ್ತರು. ಕೈಗಾ ಚಳವಳಿಯ ಕಾಲವನ್ನು ಕಂಡ ಅಕ್ಕ ಈ ಭಾಗವನ್ನು ಕೇಳಿಸಿಕೊಂಡು ಭಾವನ ಕಡೆ ನೋಡಿದರು. ಭಾವ ಊರ ಮೇಲಿನ ಗುಡ್ಡ ತೋರಿಸಿದರು. ಹೈಸ್ಕೂಲ್ ಮುಗಿಸಿದ ಪ್ರತಿ ತಂಡದವರೂ ಆ ಬಂಡೆಗಳ ಮೇಲೆ ತಮ್ಮ ವರ್ಷವನ್ನು ಬಳಿದಿಟ್ಟಿದ್ದಾರೆ.

ಆರೆಗನ್ನಿನ ಪೂರ್ವ ಭಾಗ ಖಾಲಿ. ಊರಿಂದೂರಿಗೆ ಇನ್ನೂರು ಕಿಲೋಮೀಟರ್ ಎಂದರೂ ಆಶ್ಚರ್ಯವಿಲ್ಲ. ಬರ್ನ್ಸ್‌ನಲ್ಲಿ ತುಂಬಿಸಿಕೊಂಡು ಬೆಂಡ್, ಅಲ್ಲಿಂದ ಸ್ಯಾಂಟಿಯಮ್ ಘಾಟಿ ಏರಿ ಇಳಿದರೆ ಇದ್ದಕ್ಕಿದ್ದಂತೆ ಮಲೆನಾಡು: ಪಾಚಿ ಹಿಡಿದ ಮರ, ಜಿನುಗುವ ನೀರು. ನ್ಯೂಪೋರ್ಟಿನಲ್ಲಿ ರಸ್ತೆ ಮುಗಿಯುವ ಜಾಗದಲ್ಲಿ ಬಾಸ್ಟನ್ 3,365 ಮೈಲಿ ಎಂಬ ಫಲಕವಿದೆ. ಊರ ದಕ್ಷಿಣಕ್ಕಿರುವ ಸೌತ್ ಬೀಚ್ ಸ್ಟೇಟ್ ಪಾರ್ಕಿನಲ್ಲಿ ಕಂಬವಿರುವ ಜಾಗ ಸಿಕ್ಕಿತು. ಈ ತೀರದಿಂದ ಹತ್ತು ಹನ್ನೊಂದು ಕಿಲೋಮೀಟರ್ ಆಚೆ ಸಮುದ್ರದಲ್ಲಿ ಪ್ಯಾಕ್‌ವೇವ್ ಎಂಬ ಯೋಜನೆ ಇದೆ. ಅಲೆಗಳಿಂದ ಕರೆಂಟ್ ತೆಗೆಯುವ ಯಂತ್ರಗಳನ್ನು ಪರೀಕ್ಷಿಸಲು ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಮಾಡಿರುವ ಏರ್ಪಾಟು ಅದು. ಇದನ್ನು ಹೇಳಿದಾಗ ಭಾವ ಸಮುದ್ರವನ್ನೊಮ್ಮೆ ನೋಡಿ, "ಮೀಟರ್ ರೀಡರ್ ಪಾಪ ಏನು ಮಾಡಬೇಕು" ಎಂದರು.

ಅಕ್ಕ–ಭಾವ ಪೋರ್ಟ್‌ಲೆಂಡಿನಿಂದ ವಿಮಾನ ಹತ್ತಿದರು. ಕಾರಿನಲ್ಲಿ ವಾಪಸಾಗಲು ಅಕ್ಕ ಸುತರಾಂ ಒಪ್ಪಲಿಲ್ಲ. ನಾವಿಬ್ಬರು ಇಂಟರ್‌ಸ್ಟೇಟ್ ಹಿಡಿದು ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿರುವ ಫಾಸ್ಟ್ ಚಾರ್ಜರುಗಳಲ್ಲಿ, ಮನೆಯ ದರದ ಎರಡು ಮೂರು ಪಟ್ಟು ಕೊಟ್ಟು, ಹತ್ತರಿಂದ ಎಂಬತ್ತು ಪರ್ಸೆಂಟಿಗೆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ತುಂಬಿಸಿಕೊಂಡು ಓಡಿ ಬಂದೆವು. ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಭಾವನ ನೋಟ್‌ಬುಕ್ಕಿನಲ್ಲಿ ಮಾತ್ರ ರಾಜ್ಯವಾರು ಯೂನಿಟ್ಟುಗಳ ಪಟ್ಟಿ ಇದೆ. ಕಂಬದಿಂದ ಎಳೆದದ್ದಕ್ಕೂ ಬ್ಯಾಟರಿಗೆ ಸೇರಿದ್ದಕ್ಕೂ ಶೇಕಡಾ ಹತ್ತರಷ್ಟು ವ್ಯತ್ಯಾಸ ಬರುತ್ತದೆ. ಚಾರ್ಜರಿನೊಳಗೆ ಎ.ಸಿ.ಯನ್ನು ಡಿ.ಸಿ. ಮಾಡುವಾಗ ಬಿಸಿಯಾಗಿ ಹೋಗುವ ಪಾಲು ಅದು ಎಂದು ನಾನು ಹೇಳಿದರೂ, ನೆಬ್ರಾಸ್ಕಾದ ಲೆಕ್ಕದಲ್ಲಿ ಇನ್ನೂ ನಾಲ್ಕು ಯೂನಿಟ್ ತಾಳೆಯಾಗುತ್ತಿಲ್ಲವೆಂದು ಮೊನ್ನೆಯೂ ಶಿವಮೊಗ್ಗದಿಂದ ಫೋನ್ ಮಾಡಿದ್ದರು.